ಕಾಂಟೆಸಾಗೆ ಬೇಕಿತ್ತು ಆಲ್ಟರ್ನೇಟರ್

ಮಕ್ಕಳೇ, ಕಾಂಟೆಸಾ ಎಂಬ ಕಾರನ್ನು ನೀವು ನೋಡಿರಲಿಕ್ಕಿಲ್ಲ. ನಿಮ್ಮ ಅಜ್ಜನನ್ನು ಕೇಳಿ, ಮುಖ ಅರಳುತ್ತದೆ. ಹಿಂದೂಸ್ತಾನ್ ಮೋಟಾರ್ಸ್ ಕಂಪನಿ 1984ರಿಂದ 2002ರವರೆಗೆ ತಯಾರಿಸಿದ ಉದ್ದ ಮೂತಿಯ ಕಾರು ಅದು. ಮೊದಲು ಅದರಲ್ಲಿ ಅಂಬಾಸಿಡರ್ ಎಂಜಿನ್ ಇತ್ತು. ಆಮೇಲೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಪೆಟ್ರೋಲ್ ಎಂಜಿನ್ ಬಂತು. ಆಗ ನೋಡಬೇಕಿತ್ತು ಅದರ ಓಟ!

ಅಂಥದೊಂದು ಕಾರು ನಮ್ಮಣ್ಣನದು. ಅಣ್ಣ ತೀರಿಕೊಂಡ ಮೇಲೂ ಅತ್ತಿಗೆ ಅದನ್ನು ಮಾರಲಿಲ್ಲ. ಕಳೆದ ವರ್ಷ ಕಾರು ಓಡುವಾಗಲೇ ಬ್ಯಾಟರಿ ಗುರುತಿನ ಕೆಂಪು ದೀಪ ಹತ್ತಿಕೊಂಡಿತು. ಹೊಸ ಬ್ಯಾಟರಿ ಹಾಕಿದರೂ ಎರಡೇ ದಿನಕ್ಕೆ ಸುಸ್ತು. “ಇದರ ಸಾಮಾನು ಈಗೆಲ್ಲಿ ಸಿಗುತ್ತೆ? ಗುಜರಿಗೆ ಹಾಕಿ” ಅಂದವರೇ ಹೆಚ್ಚು. ಅತ್ತಿಗೆ ಮಾತ್ರ, “ನೀನೊಂದು ಸಲ ನೋಡಪ್ಪಾ, ಆಗದಿದ್ರೆ ಕೊಟ್ಟುಬಿಡೋಣ” ಅಂದರು. ಹಾಗೆನ್ನುವಾಗ ಅವರ ದನಿ ಸಣ್ಣಗಾಗಿತ್ತು.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಎಂಜಿನ್ ಗೊತ್ತಿಲ್ಲ, ಜಮಾ-ಖರ್ಚು ಗೊತ್ತು. ಕಾರಿನ ಕರೆಂಟೂ ಅದೇ ಲೆಕ್ಕ! ಬ್ಯಾಟರಿ ಎಂದರೆ ಉಳಿತಾಯ ಖಾತೆ. ದೀಪ, ಹಾರನ್, ವೈಪರ್ ಎಲ್ಲ ಖರ್ಚು. ದಿನದ ಸಂಪಾದನೆ ತರುವುದು ಆಲ್ಟರ್ನೇಟರ್. ಎಂಜಿನ್ ಬೆಲ್ಟಿನಿಂದ ಅದು ತಿರುಗುತ್ತದೆ, ಒಳಗಿನ ಅಯಸ್ಕಾಂತ ತಾಮ್ರದ ಸುರುಳಿಗಳ ನಡುವೆ ಸುತ್ತಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದು. ಸಂಪಾದನೆ ನಿಂತರೆ ಬ್ಯಾಟರಿ ಎಷ್ಟು ಹೊಸದಾದರೇನು? ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು.

ಎಂಟನೇ ಕ್ಲಾಸಿನ ಮೊಮ್ಮಗಳು ಮಲ್ಟಿಮೀಟರ್ ಹಿಡಿದಳು. ಒಳ್ಳೆಯ ಬ್ಯಾಟರಿ ಎಂಜಿನ್ ನಿಂತಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ 13.5ರಿಂದ 14.5ರವರೆಗೆ ಏರಬೇಕು. ನಮ್ಮದು ಏರಲಿಲ್ಲ, ಇಳಿಯಿತು. ಬೆಲ್ಟ್ ಬಿಗಿಯಾಗಿತ್ತು, ವೈರುಗಳೂ ಸರಿಯಿದ್ದವು. ಮೆಕ್ಯಾನಿಕ್ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ, ಆಮೇಲೆ ಆಲ್ಟರ್ನೇಟರ್ ಬಿಚ್ಚಿದರು. ಬ್ರಶ್ ಸವೆದಿದ್ದರೆ, ಬೇರಿಂಗ್ ಹೋಗಿದ್ದರೆ ಅವನ್ನಷ್ಟೇ ಬದಲಾಯಿಸಬಹುದಿತ್ತು. ಆದರೆ ಒಳಗಿನ ಸುರುಳಿಯೇ ಸುಟ್ಟು ಕಪ್ಪಾಗಿತ್ತು.

ಹಳೆಯದನ್ನೇ ಕೈಚೀಲದಲ್ಲಿಟ್ಟುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆವು. ಅಲ್ಲಿ ಸಾಲುಸಾಲು ವಾಹನ ಬಿಡಿಭಾಗಗಳ ಅಂಗಡಿ. ಹೋಗುವ ಮೊದಲೇ ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಐದು ಸಾಲು ಬರೆದುಕೊಂಡಿದ್ದಳು: ಎಷ್ಟು ವೋಲ್ಟ್, ಎಷ್ಟು ಆಂಪಿಯರ್, ಬೋಲ್ಟ್ ತೂತುಗಳ ನಡುವಿನ ಅಂತರ, ಬೆಲ್ಟ್ ಕೂರುವ ಪುಲಿಯ ಅಗಲ, ವೈರ್ ಸಿಕ್ಕಿಸುವ ಪ್ಲಗ್ಗಿನ ಆಕಾರ.

ಆಂಪಿಯರ್ ಯಾಕೆ ಮುಖ್ಯ? 60 ವ್ಯಾಟಿನ ಎರಡು ಹೆಡ್‌ಲೈಟ್ ಎಂದರೆ 120 ವ್ಯಾಟ್. ಅದನ್ನು 12 ವೋಲ್ಟಿನಿಂದ ಭಾಗಿಸಿ, 10 ಆಂಪಿಯರ್. ದೀಪಕ್ಕೇ ಇಷ್ಟು! ಖರ್ಚಿಗಿಂತ ಸಂಪಾದನೆ ಹೆಚ್ಚಿರಲೇಬೇಕು.

ಮೊದಲ ಅಂಗಡಿಯವರು “ಇದೇ ಕೂರುತ್ತೆ ಸಾರ್” ಎಂದು ಒಂದನ್ನು ಮುಂದಿಟ್ಟರು. ಮೊಮ್ಮಗಳು ಸ್ಕೇಲ್ ಇಟ್ಟು ಅಳೆದಳು. ತೂತಿನ ಅಂತರ ಬೇರೆ! ಎರಡನೆಯ ಕಡೆ ಪುಲಿ ಬೇರೆ. ಪುಲಿಗಳು ಒಂದೇ ಗೆರೆಯಲ್ಲಿ ಇರದಿದ್ದರೆ ಬೆಲ್ಟ್ ಬೇಗ ಹರಿಯುತ್ತದೆ. ನಾಲ್ಕನೆಯ ಅಂಗಡಿಯ ವಯಸ್ಸಾದ ಯಜಮಾನರು ನಮ್ಮ ನೋಟ್‌ಬುಕ್ ಓದಿ, ನಕ್ಕು, ಅಟ್ಟದ ಮೇಲಿಂದ ಧೂಳು ಹಿಡಿದ ಡಬ್ಬಿಯೊಂದನ್ನು ಇಳಿಸಿದರು. ಐದಕ್ಕೆ ಐದೂ ಹೊಂದಿತು. ಮರುದಿನ ಮೀಟರು 14.1 ತೋರಿಸಿದಾಗ ಅತ್ತಿಗೆ ಕಾರಿನ ಬಾನೆಟ್ ಸವರಿ, ಮಾತಿಲ್ಲದೆ ಒಳಗೆ ಹೋಗಿ ಪಾಯಸಕ್ಕಿಟ್ಟರು.

ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲೂ ಹಳೆಯ ಗಾಡಿ, ರೇಡಿಯೊ, ಹೊಲಿಗೆ ಯಂತ್ರ ಇರಬಹುದು. ಗುಜರಿಗೆ ಹಾಕುವ ಮುನ್ನ ಮೊಮ್ಮಕ್ಕಳ ಕೈಗೆ ಸ್ಕೇಲು, ನೋಟ್‌ಬುಕ್ ಕೊಡಿ. ಸಾಮಾನಿನ ಹೆಸರಷ್ಟೇ ಕೇಳಿದರೆ ಅಂಗಡಿಯವರು ‘ಇಲ್ಲ’ ಅನ್ನಬಹುದು, ಅಳತೆ ಹೇಳಿದರೆ ಹುಡುಕಿ ಕೊಡುತ್ತಾರೆ.