ಪ್ರಾಯೋಪವೇಶವೂ ರಾಜ್ಯಪರಿವರ್ತನೆಯೂ

ನಿರಾಯುಧರ ಪ್ರತಿಭಟನೆಯಿಂದ ರಾಜ್ಯವ್ಯವಸ್ಥೆಯು ಮಾರ್ಪಡಬಲ್ಲುದೆ ಎಂಬ ಪ್ರಶ್ನೆಯು ನೂತನವಾಗಿ ತೋರಿದರೂ ಅದರ ಮೂಲವು ಅತಿ ಪ್ರಾಚೀನವಾದುದು. ವಾಲ್ಮೀಕಿರಾಮಾಯಣದ ಅಯೋಧ್ಯಾಕಾಂಡದಲ್ಲಿ ಭರತನು ಚಿತ್ರಕೂಟಕ್ಕೆ ಬಂದು, ಅಣ್ಣನು ಪ್ರಸನ್ನನಾಗುವವರೆಗೂ ದರ್ಭೆಯನ್ನು ಹಾಸಿ ನಿರಾಹಾರನಾಗಿ ಅವನೆದುರಿನಲ್ಲಿ ಮಲಗುವೆನೆಂದು ಹಟಹಿಡಿಯುತ್ತಾನೆ. ಇದಕ್ಕೆ ಪ್ರತ್ಯುಪವೇಶವೆಂದು ಹೆಸರು. ಈ ವಿಧಾನವು ಕ್ಷತ್ರಿಯನಿಗೆ ಉಚಿತವಲ್ಲವೆಂದು ರಾಮನು ತಡೆಯುತ್ತಾನೆ. ರಾಮನು ಹಿಂದಿರುಗಲಿಲ್ಲ, ಆದರೆ ಅವನ ಪಾದುಕೆಗಳು ರಾಜ್ಯಭಾರದ ಸ್ಥಾನವನ್ನು ಪಡೆದವು. ಕೇಳಿದುದು ಕೇಳಿದಂತೆಯೇ ದೊರೆಯದಿದ್ದರೂ ವ್ಯವಸ್ಥೆಯು ಮೊದಲಿನಂತೆ ಉಳಿಯಲಿಲ್ಲವೆಂಬುದು ಇಲ್ಲಿ ಗಮನಿಸತಕ್ಕ ಅಂಶ.

ಹನ್ನೆರಡನೆಯ ಶತಮಾನದ ಕಲ್ಹಣನ ರಾಜತರಂಗಿಣಿಯಲ್ಲಿ ಪ್ರಾಯೋಪವೇಶದ ಪ್ರಸಂಗಗಳು ಮತ್ತೆ ಮತ್ತೆ ಬರುತ್ತವೆ. ಅದನ್ನು ವಿಚಾರಿಸಲು ನಿಯುಕ್ತರಾದ ಅಧಿಕಾರಿಗಳ ಉಲ್ಲೇಖವೂ ಅಲ್ಲಿದೆ. ಆಂಗ್ಲರ ಆಳಿಕೆಯಲ್ಲಿ 1860ರ ದಂಡಸಂಹಿತೆಯು ತನ್ನ 508ನೆಯ ಕಲಮಿನಲ್ಲಿ, ದೈವಕೋಪದ ಭಯವನ್ನು ಹುಟ್ಟಿಸುವುದಕ್ಕಾಗಿ ಒಬ್ಬನ ಬಾಗಿಲಲ್ಲಿ ಧರಣಿ ಕೂರುವುದನ್ನು ಅಪರಾಧಕ್ಕೆ ಉದಾಹರಣೆಯಾಗಿ ಕೊಟ್ಟಿತು. ನಿರ್ವೀರ್ಯವಾದುದನ್ನು ಯಾವ ಪ್ರಭುತ್ವವೂ ನಿಷೇಧಿಸುವುದಿಲ್ಲ. ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿ ‘ಸದಾಗ್ರಹ’ವೆಂಬ ಸೂಚನೆಯನ್ನು ತಿದ್ದಿ ‘ಸತ್ಯಾಗ್ರಹ’ವೆಂಬ ಶಬ್ದವನ್ನು ನಿರ್ಮಿಸಿದಾಗ ಅರ್ಥವೂ ತಿದ್ದಲ್ಪಟ್ಟಿತು. ಹಳೆಯ ಧರಣಿಯ ಬಲವು ಎದುರಾಳಿಯ ಪಾಪಭೀತಿ. ಸತ್ಯಾಗ್ರಹದ ಬಲವಾದರೋ ಅವನ ಮನಃಪರಿವರ್ತನೆ.

ಈ ವಿಚಾರಕ್ಕೆ ಕನ್ನಡನಾಡಿನ ನಿದರ್ಶನವು ದೂರದಲ್ಲಿಲ್ಲ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಇಂದು ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಆ ಗ್ರಾಮವು 1956ರವರೆಗೂ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಈಗಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದವರು. ಹೀಗೆ ಈ ಸೀಮೆಗೆ ಸತ್ಯಾಗ್ರಹದ ಪರಿಚಯವು ಮೊದಲೇ ಆಗಿದ್ದಿತು.

ಏಕೀಕರಣದ ಬೇಡಿಕೆಗೆ ಅದಕ್ಕಿಂತಲೂ ಹೆಚ್ಚಿನ ವಯಸ್ಸು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಆಲೂರ ವೆಂಕಟರಾಯರೇ ಮೊದಲಾದವರು ಲೇಖನ, ಭಾಷಣ, ಮನವಿಗಳಿಂದ ಜನರನ್ನು ಎಚ್ಚರಿಸಿದರು. ಆದರೂ 1948ರ ಧರ್ ಆಯೋಗವು ಭಾಷಾವಾರು ರಾಜ್ಯಗಳಿಗೆ ಪ್ರತಿಕೂಲವಾಗಿ ನುಡಿಯಿತು; 1949ರ ಕಾಂಗ್ರೆಸ್ ಸಮಿತಿಯು ಕಾಲವನ್ನು ಮುಂದೂಡಿತು. ಆಂಧ್ರರಾಜ್ಯಕ್ಕಾಗಿ ಉಪವಾಸಕ್ಕೆ ಕುಳಿತ ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರ್ 15ರಂದು ದಿವಂಗತರಾದರು. 1953ರ ಅಕ್ಟೋಬರ್ 1ರಂದು ಆಂಧ್ರವು ಉದಯಿಸಿತು. ಅದೇ 1953ರ ಮಾರ್ಚ್ ತಿಂಗಳ ಕೊನೆಯಲ್ಲಿ ಹುಬ್ಬಳ್ಳಿಯ ಸಮೀಪದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸವನ್ನು ಆರಂಭಿಸಿದರು. ವರ್ಷಾಂತ್ಯದಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ನೇಮಕವಾಯಿತು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದವು.

ಇಲ್ಲಿ ಪೂರ್ವಪಕ್ಷವೊಂದುಂಟು. ಹೇಗೆಂದರೆ—1953ರ ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಪ್ರದೇಶ ಕಾಂಗ್ರೆಸ್ಸಿನ ಸಭೆ ಸೇರಿದಾಗ ಜನಸಮೂಹವು ಶಾಂತಿಯ ಎಲ್ಲೆಯನ್ನು ಮೀರಿತು. ಆಂಧ್ರದಲ್ಲಿಯೂ ಶ್ರೀರಾಮುಲು ಅವರ ಮರಣಾನಂತರ ಗಲಭೆಗಳಾದವು. ಆದುದರಿಂದ ಫಲವು ಕ್ಷೋಭೆಯದೇ ಹೊರತು ಉಪವಾಸದ್ದಲ್ಲ—ಎಂದು. ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕಲಾಗದು. ಕ್ಷೋಭೆಯು ಅಧಿಕಾರಸ್ಥರನ್ನು ಬೆಚ್ಚಿಸಿರಬಹುದು. ಆದರೆ ಅದಕ್ಕೆ ಗಡಿಯನ್ನು ಗುರುತಿಸುವ ಸಾಮರ್ಥ್ಯವಿಲ್ಲ. ಯಾವ ಊರು ಯಾವ ರಾಜ್ಯಕ್ಕೆ ಎಂಬುದನ್ನು ನಿರ್ಣಯಿಸಲು ಬೇಕಾದ ಯುಕ್ತಿಯು ಶಾಸನ, ಸಾಹಿತ್ಯ, ಜನಭಾಷೆಗಳ ದೀರ್ಘ ಪರಿಶೀಲನೆಯಿಂದಲೂ ಮನವಿಗಳಿಂದಲೂ ಒದಗಿದುದು. ಮೇಲಾಗಿ, ಜನರು ಅಂದು ಕೆರಳಿದುದಕ್ಕೇ ಉಪವಾಸನಿರತನೊಬ್ಬನ ಪ್ರಾಣಸಂಕಟವು ಹೇತುವಾಗಿತ್ತು. ಹೀಗಿರಲು ಲೋಕಮತವು ಮಣ್ಣಿನಂತೆ ಉಪಾದಾನಕಾರಣ, ಉಪವಾಸವು ನಿಮಿತ್ತಕಾರಣ. ಕ್ಷೋಭೆಯು ಹೆಚ್ಚೆಂದರೆ ಸಹಕಾರಿ.

ಆದರೂ ಶಾಂತ ಪ್ರತಿಭಟನೆಯಿದ್ದಲ್ಲೆಲ್ಲ ಫಲವುಂಟೆಂದು ವ್ಯಾಪ್ತಿಯನ್ನು ಹೇಳಲಾಗದು; ಕಾಸರಗೋಡು ಅದಕ್ಕೆ ವ್ಯಭಿಚಾರಸ್ಥಳ. 1956ರಲ್ಲಿ ಕೇರಳಕ್ಕೆ ಸೇರಿದ ಆ ಸೀಮೆಯ ಕನ್ನಡಿಗರು ದೀರ್ಘಕಾಲ ಹೋರಾಡಿದರು. ಚಂದ್ರಗಿರಿ ನದಿಯ ಉತ್ತರಭಾಗವು ಕರ್ನಾಟಕಕ್ಕೆ ಸೇರತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗವೇ ನುಡಿಯಿತು. ಆ ಶಿಫಾರಸು ಜಾರಿಗೆ ಬರಲಿಲ್ಲ. ಅಲ್ಲಿ ಸತ್ಯವೂ ಇದ್ದಿತು, ಆಗ್ರಹವೂ ಇದ್ದಿತು. ಆದರೆ ಅದನ್ನು ಕೇಳಲೇಬೇಕಾದ ಬಾಧ್ಯತೆಯು ನಿರ್ಣಾಯಕರಿಗೆ ಇರಲಿಲ್ಲ. ಅಲ್ಪಸಂಖ್ಯಾತರ ಧ್ವನಿಯು ಎರಡು ರಾಜ್ಯಗಳ ವಿವಾದದಲ್ಲಿ ಅಡಗಿಹೋಯಿತು.

ಆದುದರಿಂದ ನಿರ್ಣಯವಿಷ್ಟು: ಶಾಂತ ಪ್ರತಿಭಟನೆಯು ರಾಜಕೀಯ ಪರಿವರ್ತನೆಯನ್ನು ತರಬಲ್ಲುದು, ಆದರೆ ಏಕಾಕಿಯಾಗಿ ಅಲ್ಲ. ಅದರ ಹಿಂದೆ ಪಕ್ವವಾದ ಲೋಕಮತವೂ, ಅದರ ಮುಂದೆ ಜನರಿಗೆ ಉತ್ತರ ಹೇಳಬೇಕಾದ ಪ್ರಭುತ್ವವೂ ಇರಬೇಕು. ಎರಡನೆಯದನ್ನು ಪ್ರತಿಭಟಿಸುವವನು ಸೃಷ್ಟಿಸಲಾರನು. ಮೊದಲನೆಯದನ್ನು ಸೃಷ್ಟಿಸುವ ಭಾರವು ಬಹುಮಟ್ಟಿಗೆ ವಿದ್ವಾಂಸರದೂ ಉಪಾಧ್ಯಾಯರದೂ ಆಗಿದೆ. ವಿದ್ಯಾವರ್ಧಕ ಸಂಘದ ಸ್ಥಾಪನೆಗೂ ಅದರಗುಂಚಿಯ ಉಪವಾಸಕ್ಕೂ ನಡುವೆ ಕಳೆದ ಅರುವತ್ತಮೂರು ವರ್ಷಗಳು ವ್ಯರ್ಥವಾದ ಕಾಲವಲ್ಲ. ಆ ಉಪವಾಸಕ್ಕೆ ನಾಡೆಲ್ಲ ಓಗೊಡುವಂತೆ ಮಾಡಿದ ಕಾಲವೇ ಅದು.