ಗಡಿಯ ಸಿನಿಮಾಕ್ಕೆ ಮೊದಲ ದುಡ್ಡು ಯಾರದು?

ಕಾಸರಗೋಡಿನ ಕನ್ನಡ ಶಾಲೆಯ ಕಥೆ ಹೇಳಿದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ 2018ರಲ್ಲಿ ತೆರೆಕಂಡು, ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ರಿಷಬ್ ಶೆಟ್ಟರು ಸ್ವಂತ ಸಂಸ್ಥೆಯಿಂದ ತೆಗೆದದ್ದು. ಕೈಯಲ್ಲಿ ಕಾಸಿಲ್ಲದ ನಮ್ಮೂರ ಹುಡುಗ ಇಂಥದೇ ಕಥೆ ಹೊತ್ತು ಯಾರ ಬಾಗಿಲು ತಟ್ಟಬೇಕು?

ಮೊದಲು ಕೇಂದ್ರದ ಬಾಗಿಲು ಹಲವಿದ್ದವು. ಸಾಕ್ಷ್ಯಚಿತ್ರಕ್ಕೆ 1948ರ ಫಿಲ್ಮ್ಸ್ ಡಿವಿಜನ್, ಮಕ್ಕಳ ಚಿತ್ರಕ್ಕೆ 1955ರ ಚಿಲ್ಡ್ರನ್ಸ್ ಫಿಲ್ಮ್ ಸೊಸೈಟಿ, ಕಥಾಚಿತ್ರಕ್ಕೆ ಎನ್‌ಎಫ್‌ಡಿಸಿ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿ, 2022ರಲ್ಲಿ ಎಲ್ಲವೂ ಎನ್‌ಎಫ್‌ಡಿಸಿಯೊಳಗೆ ಸೇರಿದವು. ಒಂದೇ ಕೆಲಸ ಎರಡು ಕಡೆ ನಡೆಯೋದು ತಪ್ಪುತ್ತೆ ಅನ್ನೋದು ಸರ್ಕಾರದ ಲೆಕ್ಕ. ಲೆಕ್ಕ ತಪ್ಪೇನಲ್ಲ. ಆದರೆ ಎನ್‌ಎಫ್‌ಡಿಸಿ ಸರ್ಕಾರದ್ದಾದರೂ ಕಂಪನಿ, ಲಾಭ-ನಷ್ಟ ನೋಡಲೇಬೇಕು. ಮಕ್ಕಳ ಚಿತ್ರದಲ್ಲಿ ಲಾಭ ಎಲ್ಲಿ ಬಂತು?

ಅದರ ಒಂದು ಒಳ್ಳೆ ಕೆಲಸ ಮಾತ್ರ ಹೇಳಲೇಬೇಕು. ಗೋವಾದಲ್ಲಿ 2007ರಿಂದ ಅದು ನಡೆಸುವ ಫಿಲ್ಮ್ ಬಜಾರ್ ನಮ್ಮ ಅಡಿಕೆ ಮಂಡಿ ಇದ್ದ ಹಾಗೆ: ಮಾಲು ನೋಡುವವರೂ ಕೊಳ್ಳುವವರೂ ಒಂದೇ ಕಡೆ ಸಿಗುತ್ತಾರೆ. ಮಂಡ್ಯದ ಹಳ್ಳಿಗರೇ ನಟಿಸಿದ ‘ತಿಥಿ’ 2014ರಲ್ಲಿ ಪೂರ್ತಿಯಾಗದ ಚಿತ್ರಗಳ ವಿಭಾಗಕ್ಕೆ ಹೋಗಿ ತಿದ್ದಿಸಿಕೊಂಡು, ಮರುವರ್ಷ ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದಿತು. ಕಾಸರಗೋಡಿನಲ್ಲಿ ರೈಲು ಹತ್ತಿದರೆ ಗೋವಾ ದೂರವೇನಲ್ಲ. ಆದರೆ ಆ ವಿಭಾಗಕ್ಕೆ ಚಿತ್ರದ ಕಚ್ಚಾ ಪ್ರತಿಯಾದರೂ ಕೈಯಲ್ಲಿರಬೇಕು. ಅಷ್ಟು ತೆಗೆಯಲು ಬೇಕಾದ ದುಡ್ಡನ್ನೇ ನಾನು ಕೇಳುತ್ತಿರುವುದು.