ಹತ್ತಿ ಹೂವಿನ ಲೆಕ್ಕ, ಮೈಯ ಲೆಕ್ಕ

ತಾವರಗೇರಾ ಸೀಮೆಯಲ್ಲಿ ಬೀಜದ ಹತ್ತಿ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಹೂವಿನ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಿ ಅದರ ಕೇಸರ ಕೀಳುತ್ತಾರೆ. ಬೆಳಿಗ್ಗೆ ಬಂದು ಗಂಡು ಹೂವಿನ ಪರಾಗ ಸವರುತ್ತಾರೆ. ಒಂದು ದಿನ ತಪ್ಪಿದರೆ ಹೂ ಕೆಂಪಿಗೆ ತಿರುಗುತ್ತದೆ, ಆ ಹೂವಿನ ಬೀಜ ಹೋಯಿತೆಂದೇ ಅರ್ಥ. ಹೆಣ್ಣಿನ ಅಂಡಕ್ಕೂ ಹೆಚ್ಚುಕಡಿಮೆ ಇಷ್ಟೇ ಆಯುಷ್ಯ. ಅಂಡಾಶಯದಿಂದ ಹೊರಬಿದ್ದ ಮೇಲೆ ಅದು ಜೀವಂತ ಇರುವುದು ಸುಮಾರು 12ರಿಂದ 24 ತಾಸು.

ಹೂವಿನ ಲೆಕ್ಕ ಇಷ್ಟು ಚೊಕ್ಕ ಇಟ್ಟವರೇ ಆಸ್ಪತ್ರೆಯಲ್ಲಿ ‘ಯಾವತ್ತು ಮುಟ್ಟಾಗಿದ್ದಿ?’ ಎಂದು ಕೇಳಿದರೆ ತಡವರಿಸುತ್ತಾರೆ. ‘ಕಾರಹುಣ್ಣಿವಿ ಮುಂದ ಕಡಿಗಾಗಿದ್ದೆ ನೋಡ್ರಿ, ಪಂಚಮಿ ಬಂತು, ಇನ್ನೂ ಆಗಿಲ್ಲ’ ಎಂಬಂಥ ಉತ್ತರ ಬರುತ್ತದೆ. ಕೇಳಿದವರು ನಕ್ಕಾರು. ಆದರೆ ಇದು ಒಳ್ಳೆಯ ಉತ್ತರವೇ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ. ಕಾರಹುಣ್ಣಿಮೆಯಿಂದ ನಾಗರಪಂಚಮಿಗೆ ಏಳು ವಾರ. ಅಂದರೆ ಆಕೆಯ ಮುಟ್ಟು ಸುಮಾರು 49 ದಿನದಿಂದ ಬಂದಿಲ್ಲ. ವೈದ್ಯರಿಗೆ ಬೇಕಾದ ಮೊದಲ ಸಂಗತಿ ಇದೇ.

2015ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಘ, ಹುಡುಗಿಯರ ಮುಟ್ಟಿನ ಲಯವನ್ನೂ ನಾಡಿ, ಜ್ವರ, ರಕ್ತದೊತ್ತಡಗಳ ಸಾಲಿಗೆ ಸೇರಿಸಿ ನೋಡಬೇಕು ಎಂದು ವೈದ್ಯರಿಗೆ ಸಲಹೆ ಕೊಟ್ಟಿತು. ಮುಟ್ಟು ಗರ್ಭಚೀಲದ ಕೆಲಸ ಮಾತ್ರ ಆಗಿದ್ದರೆ ಇಂಥ ಸಲಹೆ ಬೇಕಿರಲಿಲ್ಲ.

ತಲೆಯಲ್ಲಿ ಶುರು, ಕೆಳಗೆ ಸುದ್ದಿ

ಮುಟ್ಟು ಶುರುವಾಗುವುದು ಮೆದುಳಿನಲ್ಲಿ. ಅದರ ತಳಭಾಗದ ಹೈಪೊಥಲಾಮಸ್ ಗಂಟೆ, ಒಂದೂವರೆ ಗಂಟೆಗೊಮ್ಮೆ ಒಂದು ತೊಟ್ಟಿನಂತೆ ಹಾರ್ಮೋನು ಬಿಡುತ್ತದೆ. ಈ ತೊಟ್ಟಿನ ಲಯ ಬಹಳ ಮುಖ್ಯ ಎಂದು ತೋರಿಸಿದವರು ವಿಜ್ಞಾನಿ ಅರ್ನ್‌ಸ್ಟ್ ನೋಬಿಲ್. 1970ರ ದಶಕದಲ್ಲಿ ಅವರ ತಂಡ ಮಂಗಗಳಿಗೆ ಅದೇ ಹಾರ್ಮೋನನ್ನು ಎಡೆಬಿಡದೆ ಹರಿಸಿದಾಗ ಪಿಟ್ಯುಟರಿ ಗ್ರಂಥಿ ಸುಮ್ಮನಾಯಿತು. ತಾಸಿಗೊಮ್ಮೆ ಕೊಟ್ಟಾಗ ಮತ್ತೆ ಕೆಲಸಕ್ಕೆ ಇಳಿಯಿತು. ಪಿಟ್ಯುಟರಿ ಅಂಡಾಶಯವನ್ನು ಎಬ್ಬಿಸುತ್ತದೆ. ಅಂಡಾಶಯದ ಈಸ್ಟ್ರೊಜೆನ್ ಗರ್ಭಚೀಲದ ಒಳಪದರವನ್ನು ಬೆಳೆಸುತ್ತದೆ. ಅಂಡ ಹೊರಬಿದ್ದ ಮೇಲೆ ಉಳಿದ ಚೀಲ ಸುಮಾರು 14 ದಿನ ಪ್ರೊಜೆಸ್ಟರಾನ್ ಸುರಿಸಿ ಆ ಪದರವನ್ನು ಹಿಡಿದಿಡುತ್ತದೆ. ಬಸಿರು ನಿಲ್ಲದಿದ್ದರೆ ಪ್ರೊಜೆಸ್ಟರಾನ್ ಇಳಿಯುತ್ತದೆ, ಪದರ ಕಳಚುತ್ತದೆ. ಅದೇ ಮುಟ್ಟು.

ಇದನ್ನು ನಮ್ಮ ಹೆಂಗಸರು ಗೊತ್ತಿಲ್ಲದೆಯೇ ಪ್ರಯೋಗ ಮಾಡಿ ನೋಡಿದ್ದಾರೆ. ಗವಿಮಠದ ಜಾತ್ರೆಗೋ ಮನೆಯ ಮದುವೆಗೋ ಮುಟ್ಟು ಅಡ್ಡ ಬರಬಾರದೆಂದು ಔಷಧದ ಅಂಗಡಿಯಿಂದ ಗುಳಿಗೆ ತರಿಸುತ್ತಾರಲ್ಲ, ಅದರಲ್ಲಿ ಇರುವುದು ಪ್ರೊಜೆಸ್ಟರಾನಿನಂಥ ಹಾರ್ಮೋನು. ನುಂಗುವವರೆಗೆ ಪದರ ನಿಲ್ಲುತ್ತದೆ, ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ. (ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸವಿದ್ದವರಿಗೆ ಈ ಗುಳಿಗೆ ಅಪಾಯ, ವೈದ್ಯರನ್ನು ಕೇಳದೆ ಯಾರೂ ನುಂಗಬಾರದು.)

ಲಯ ತಪ್ಪಿದಾಗ

ದೊಡ್ಡವರಲ್ಲಿ 21ರಿಂದ 35 ದಿನಕ್ಕೊಮ್ಮೆ ಬಂದು ಏಳು ದಿನದೊಳಗೆ ನಿಂತರೆ ಚಿಂತೆಯಿಲ್ಲ. ಎಲ್ಲರಿಗೂ 28 ದಿನವೇ ಆಗಬೇಕೆಂದೇನಿಲ್ಲ. ದೊಡ್ಡಾಕಿಯಾದ ಹೊಸದರಲ್ಲಿ ಎರಡು ಮೂರು ವರ್ಷ ಮೆದುಳು ಮತ್ತು ಅಂಡಾಶಯದ ಹೊಂದಾಣಿಕೆ ಇನ್ನೂ ಕುದುರಿರುವುದಿಲ್ಲ. 45 ದಿನದವರೆಗೆ ಹೋದರೂ ಸಹಜ. ಮುಟ್ಟು ನಿಂತ ಮದುವೆಯಾದವರು ಮೊದಲು ನೋಡಬೇಕಾದ್ದು ಬಸಿರು. ಮಗುವಿಗೆ ಎದೆಹಾಲು ಕೊಡುವಾಗ ಮುಟ್ಟು ತಡವಾಗುವುದೂ ಹೊಸತಲ್ಲ.

ಇವೆರಡೂ ಅಲ್ಲದೆ ಮುಟ್ಟು ದೂರ ದೂರ ಬರುತ್ತಿದ್ದರೆ ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ನೆನಪಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 6ರಿಂದ 13ರಷ್ಟು ಜನಕ್ಕೆ ಇದಿದೆ. ಸ್ಕ್ಯಾನಿನಲ್ಲಿ ಕಾಣುವುದನ್ನು ಜನ ನೀರುಗುಳ್ಳೆ ಎಂದು ಹೆದರುತ್ತಾರೆ. ನಿಜದಲ್ಲಿ ಅವು ಪೂರ್ತಿ ಬೆಳೆಯದೆ ನಿಂತ ಅಂಡದ ಚೀಲಗಳು. ಮೂಲದಲ್ಲಿ ಬಹಳ ಸಲ ಇನ್ಸುಲಿನ್ ಇರುತ್ತದೆ. ಮೈ ಅದರ ಮಾತು ಕೇಳದಿದ್ದಾಗ ಅದು ಹೆಚ್ಚು ಹೆಚ್ಚು ಸುರಿಯುತ್ತದೆ, ಅಂಡಾಶಯ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ. ಗದ್ದದ ಮೇಲೆ ಕೂದಲು, ಹೋಗದ ಮೊಡವೆ, ತಿಕ್ಕಿದರೂ ಬಿಡದ ಕತ್ತಿನ ಕಪ್ಪು ಇದರ ಗುರುತುಗಳು. ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವವೂ ಹೆಚ್ಚು. ಹಾಗೆಂದು ಹತ್ತನೇ ತರಗತಿಯ ಹುಡುಗಿಯನ್ನು ಸ್ಕ್ಯಾನಿಗೆ ಓಡಿಸಬೇಕಿಲ್ಲ. ಮೈನೆರೆದು ಎಂಟು ವರ್ಷ ತುಂಬುವ ಮುನ್ನ ಸ್ಕ್ಯಾನ್ ನೋಡಿ ಈ ತೀರ್ಮಾನಕ್ಕೆ ಬರಬಾರದು ಎಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿದೆ.

ಥೈರಾಯ್ಡ್ ಮಂದವಾದರೆ ಮುಟ್ಟು ಹೆಚ್ಚು ಹೋಗಬಹುದು. ಜತೆಗೆ ಸುಸ್ತು, ಚಳಿ, ಮಲಬದ್ಧತೆ, ಮೈ ತೂಕ. ಥೈರಾಯ್ಡ್ ಅತಿಯಾದರೆ ಸ್ರಾವ ಕಡಿಮೆಯಾಗಬಹುದು. ಮಗುವಿಲ್ಲದೆ ಎದೆಯಲ್ಲಿ ಹಾಲು ಬಂದು ಮುಟ್ಟು ನಿಂತರೆ ಪ್ರೊಲ್ಯಾಕ್ಟಿನ್ ಏರಿರಬಹುದು. ಇವೆಲ್ಲ ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುವಂಥವು.

ಹೊಟ್ಟೆಗೆ ಬಿದ್ದ ಅನ್ನದ ಲೆಕ್ಕವನ್ನೂ ಹೈಪೊಥಲಾಮಸ್ ಇಡುತ್ತದೆ. ಗುಳೆ ಹೋದ ಕಡೆ ಅರೆಹೊಟ್ಟೆ, ಮಿತಿಮೀರಿದ ದುಡಿಮೆ, ನಿದ್ದೆಯಿಲ್ಲದ ಚಿಂತೆ ಕೂಡಿದರೆ ಅದು ತನ್ನ ತೊಟ್ಟುಗಳನ್ನು ನಿಧಾನಿಸುತ್ತದೆ, ಬಸಿರಿಗೆ ಇದು ಕಾಲವಲ್ಲ ಎಂದು ಮುಟ್ಟನ್ನೇ ತಡೆಯುತ್ತದೆ. ತೂಕ ಇಳಿಸಲು ಊಟ ಬಿಟ್ಟ ಕಾಲೇಜು ಹುಡುಗಿಗೂ ಆಗುವುದು ಇದೇ.

ಹೆಚ್ಚು ಹೋಗುವುದು ಎಂದರೆ ಎಷ್ಟು? ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30–40 ಮಿಲಿಲೀಟರ್ ರಕ್ತ ಹೋಗುತ್ತದೆ. 80 ದಾಟಿದರೆ ಹೆಚ್ಚು. ಅಳತೆ ಮಾಡುವವರು ಯಾರೂ ಇಲ್ಲ, ಆದ್ದರಿಂದ ಗುರುತು ನೋಡಬೇಕು: ತಾಸೆರಡು ತಾಸಿಗೆ ಪ್ಯಾಡು ಇಲ್ಲವೆ ಬಟ್ಟೆ ತೊಯ್ದರೆ, ರಾತ್ರಿ ಎದ್ದು ಬದಲಿಸಬೇಕಾದರೆ, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆ ಬಿದ್ದರೆ ಅದು ಹೆಚ್ಚು. ಅಂಡ ಬಿಡದ ತಿಂಗಳಲ್ಲಿ ಪ್ರೊಜೆಸ್ಟರಾನ್ ಇರುವುದಿಲ್ಲ. ಪದರ ಬೆಳೆದು ಬೆಳೆದು ಒಮ್ಮೆಲೇ ಕುಸಿಯುತ್ತದೆ. ಒಂದು ಮಿಲಿಲೀಟರ್ ರಕ್ತದೊಂದಿಗೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಜನಕ್ಕೆ ರಕ್ತಹೀನತೆ ಇತ್ತು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಅದನ್ನು ಕಿಟಕಿಯಾಚೆ ಎಸೆಯಬಾರದು. ಸಜ್ಜೆ ರೊಟ್ಟಿ, ಸೊಪ್ಪಿನ ಪಲ್ಯದ ಜತೆ ನಿಂಬೆಹುಳಿ ಹಿಂಡಿಕೊಂಡರೆ ಕಬ್ಬಿಣ ಮೈಗೆ ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಅಷ್ಟಾಗಿ ಹತ್ತುವುದಿಲ್ಲ.

ತಪ್ಪು ಓದಿನ ಬೆಲೆ

ಸ್ರಾವ ಗರ್ಭಚೀಲದಿಂದ ಬರುತ್ತದೆ, ಆದ್ದರಿಂದ ಕೆಟ್ಟಿದ್ದೂ ಗರ್ಭಚೀಲವೇ ಎಂಬ ಊಹೆ ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಎಂಥ ಅನಾಹುತ ಮಾಡಿತು ಎಂಬುದಕ್ಕೆ ಕಲಬುರಗಿ ಸಾಕ್ಷಿ. 2015ರ ಸುಮಾರಿಗೆ ಆ ಜಿಲ್ಲೆಯ ತಾಂಡಾಗಳ, ದಲಿತ ಕೇರಿಗಳ ನೂರಾರು ಹೆಂಗಸರ ಗರ್ಭಚೀಲ ತೆಗೆಸಿದ ಸುದ್ದಿ ಹೊರಬಿತ್ತು. ಅನೇಕರಿಗೆ ನಲವತ್ತೂ ದಾಟಿರಲಿಲ್ಲ. ಹೊಟ್ಟೆನೋವು, ಬಿಳಿ ಹೋಗುವುದು, ಹೆಚ್ಚಿನ ಸ್ರಾವ ಎಂದು ಹೋದವರಿಗೆ ‘ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂಬ ಭಯ ಹುಟ್ಟಿಸಲಾಗಿತ್ತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಚೀಲ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಲು ಎಲ್ಲ ರಾಜ್ಯಗಳಿಗೆ ಹೇಳಿತು.

ಗರ್ಭಚೀಲ ತೆಗೆದರೆ ಮುಟ್ಟು ನಿಲ್ಲುತ್ತದೆ, ನಿಜ. ಥೈರಾಯ್ಡ್ ಸರಿಹೋಗುವುದಿಲ್ಲ, ಇನ್ಸುಲಿನ್ ಸರಿಹೋಗುವುದಿಲ್ಲ. ಜತೆಗೆ ಎರಡೂ ಅಂಡಾಶಯಗಳನ್ನು ತೆಗೆದರೆ ಈಸ್ಟ್ರೊಜೆನ್ ಒಮ್ಮೆಲೇ ಬತ್ತುತ್ತದೆ; ಮೂವತ್ತೈದರ ಹೆಂಗಸಿನ ಎಲುಬು ಮುದುಕಿಯ ದಾರಿ ಹಿಡಿಯುತ್ತದೆ. ಶಸ್ತ್ರಚಿಕಿತ್ಸೆ ಬೇಕಾಗುವ ಕಾಯಿಲೆಗಳೂ ಇವೆ, ಇಲ್ಲವೆಂದಲ್ಲ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ತಡಮಾಡದೆ ತೋರಿಸಬೇಕು. ಆದರೆ ಕೊಯ್ಯುವ ಮಾತು ಬಂದಾಗ ‘ರಕ್ತ ಪರೀಕ್ಷೆ ಮಾಡ್ಯಾರೇನ್ರಿ? ಗುಳಿಗಿಲೆ ಕಡಿಮಿ ಆಗೂದಿಲ್ಲೇನ್ರಿ?’ ಎಂದು ಕೇಳುವುದು, ಇನ್ನೊಬ್ಬ ವೈದ್ಯರಿಗೂ ತೋರಿಸುವುದು ಹೆಣ್ಣುಮಕ್ಕಳ ಹಕ್ಕು.

ಹಾಗೆ ಕೇಳಲು ಕೈಯಲ್ಲಿ ಲೆಕ್ಕ ಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಕೂಲಿಯ ಲೆಕ್ಕ ಬರೆಯುತ್ತೇವೆ. ಅದರಲ್ಲೇ ಮುಟ್ಟಾದ ದಿನಕ್ಕೊಂದು ಗೀಟು, ನಿಂತ ದಿನಕ್ಕೊಂದು ಗೀಟು, ಹೆಚ್ಚು ಹೋದ ದಿನಕ್ಕೊಂದು ಚುಕ್ಕೆ ಹಾಕಿದರೆ ಆಯಿತು. ಓದು ಬಾರದವರಿಗೂ ಇದು ಬರುತ್ತದೆ. ಆರು ತಿಂಗಳ ಆ ಹಾಳೆಗಳನ್ನು ಸುರುಳಿ ಸುತ್ತಿಕೊಂಡು ಆಶಾ ಕಾರ್ಯಕರ್ತೆಯ ಜತೆ ಆಸ್ಪತ್ರೆಗೆ ಹೋದವಳು ವೈದ್ಯರ ಮೇಜಿನ ಮೇಲೆ ಅವನ್ನು ಹರಡಬಲ್ಲಳು. ಅಮಾಸಿ, ಹುಣ್ಣಿವಿ ಹೇಗೂ ಅದರಲ್ಲೇ ಅಚ್ಚಾಗಿರುತ್ತವೆ.